ತಾಯಿಯ ಗಿಣ್ಣುಹಾಲು

ಶಿಕಾಗೋದ ಓಹೇರ್ ವಿಮಾನ ನಿಲ್ದಾಣದ ಪಕ್ಕದಲ್ಲಿ ಫ್ರಾಂಕ್ಲಿನ್ ಪಾರ್ಕ್ ಎಂಬ ಊರಿದೆ. 1956ರಲ್ಲಿ ಏಳು ಜನ ತಾಯಂದಿರು ಅಲ್ಲಿ ಸೇರಿ, ಎದೆಹಾಲು ಕುಡಿಸಲು ತಾಯಂದಿರೇ ತಾಯಂದಿರಿಗೆ ನೆರವಾಗುವ 'ಲಾ ಲೆಚೆ ಲೀಗ್' ಎಂಬ ಸಂಘ ಕಟ್ಟಿದರು. ಆಗ ಅಮೆರಿಕದಲ್ಲಿ ಗಡಿಯಾರ ನೋಡಿ ಬಾಟಲಿ ಹಾಲು ಕುಡಿಸುವುದೇ ವಿಜ್ಞಾನ. ಎದೆಹಾಲು ಸಿಗುತ್ತಿದ್ದದ್ದು ಐದರಲ್ಲಿ ಒಂದು ಮಗುವಿಗೆ. 'ಮೊಲೆ' ಎಂಬ ಮಾತನ್ನು ಪತ್ರಿಕೆಗಳು ಅಚ್ಚು ಹಾಕುತ್ತಿರಲಿಲ್ಲ. ಹಾಗಾಗಿ ಫ್ಲಾರಿಡಾದ ಮೇರಿಮಾತೆಯ ಗುಡಿಯೊಂದರ ಸ್ಪ್ಯಾನಿಷ್ ಹೆಸರಿನಿಂದ 'ಲೆಚೆ', ಅಂದರೆ ಹಾಲು, ಎಂಬ ಪದ ತಂದುಕೊಂಡರು.

"ನಮಗೆ ಇಂಥ ಸಂಘ ಯಾಕೆ, ಬಾಣಂತನ ಇಲ್ವಾ?" ಅನ್ನುತ್ತಾರೆ ಇಲ್ಲಿ ಅಮೆರಿಕದಲ್ಲಿರುವ ಕನ್ನಡಿಗರು. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಹೆರಿಗೆಗೆ ಅಮ್ಮ ದಾವಣಗೆರೆಯಿಂದ ಅಂಟಿನುಂಡೆ, ಒಣಶುಂಠಿ, ಬೆಳ್ಳಿ ಒಳಲೆ ಎಲ್ಲ ಹೊತ್ತು ತಂದಿದ್ದಳು. ಎಣ್ಣೆನೀರು, ಬಿಸಿ ಊಟ, ನಿದ್ದೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೂ ಐದನೆಯ ದಿನ ಮೊಲೆತೊಟ್ಟು ಒಡೆದು ರಕ್ತ ಬಂತು. "ಎಲ್ರಿಗೂ ಆಗುತ್ತೆ, ತಡ್ಕೋ" ಅಂದಳು ಅಮ್ಮ. ಆಸ್ಪತ್ರೆಗೆ ಫೋನ್ ಮಾಡಿದರೆ ಡಬ್ಬಿ ಹಾಲು ಕೊಡಿ ಅಂದರು.

ಕೊನೆಗೆ ಲೈಬ್ರರಿಯಲ್ಲಿ ಸೇರುವ ಲೀಗಿನ ತಾಯಂದಿರ ಗುಂಪಿಗೆ ಹೋದೆ. ಅಮ್ಮನೂ ಬಂದಳು. ಮಗು ಕತ್ತು ಹೊರಳಿಸಿಕೊಂಡು ಚೀಪುತ್ತಿತ್ತು. ನರೆಗೂದಲಿನ ಹೆಂಗಸೊಬ್ಬರು ಮಂಡಿಯೂರಿ ಕೂತು, ಅದರ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿದರು. ಅದು ಆಕಳಿಸುವಷ್ಟು ಅಗಲ ಬಾಯಿ ತೆರೆಯುವ ತನಕ ತಡೆದರು. ಈ ಸಲ ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಯಿತು. ನೋವು ಅಲ್ಲೇ ಅರ್ಧ ಇಳಿಯಿತು. ಆಕೆ ಕಾಸು ಮುಟ್ಟಲಿಲ್ಲ.

ಅಮೆರಿಕವೇ ಮೇಲು ಎಂದು ನಾನು ಹೇಳುತ್ತಿಲ್ಲ. ಖಾಸಗಿ ಕೆಲಸದ ತಾಯಿಗೆ ಸಂಬಳದ ಹೆರಿಗೆ ರಜೆ ಕೊಡಿಸುವ ರಾಷ್ಟ್ರಮಟ್ಟದ ಕಾನೂನು ಇಲ್ಲಿ ಇಲ್ಲ. 1981ರಲ್ಲಿ ಡಬ್ಬಿ ಹಾಲಿನ ಪ್ರಚಾರಕ್ಕೆ ಕಡಿವಾಣ ಹಾಕುವ ನಿಯಮಾವಳಿ ವಿಶ್ವ ಆರೋಗ್ಯ ಸಭೆಯ ಮುಂದೆ ಬಂದಾಗ 118 ದೇಶಗಳು ಒಪ್ಪಿದವು, ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ. ಭಾರತ 1992ರಲ್ಲಿ ಕಾನೂನು ಮಾಡಿ ಆ ಜಾಹೀರಾತುಗಳನ್ನೇ ನಿಷೇಧಿಸಿತು. ನನಗೆ ಅದು ಹೆಮ್ಮೆ.

ಆದರೆ ನಮ್ಮ ಬಾಣಂತಿ ಕೋಣೆಯಲ್ಲಿ ಬಾಣಂತಿಗೆ ಆರೈಕೆ ಸಿಗುತ್ತದೆ, ಮಾತಾಡುವ ಅವಕಾಶ ಸಿಗುವುದಿಲ್ಲ. ಹಿರಿಯರು ಹೇಳಿದ್ದೇ ನಡೆಯಬೇಕು. ಹಸು ಈದರೆ ಗಿಣ್ಣು ಕಾಯಿಸಿ ನೆರೆಮನೆಗೆಲ್ಲ ಹಂಚುವ ನಾವು, ತಾಯಿಯ ಗಿಣ್ಣುಹಾಲನ್ನು ಮಾತ್ರ ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿದೆವು. ಮೊದಲ ಗಂಟೆಯಲ್ಲೇ ಮಗುವಿಗೆ ಸಿಗಬೇಕಾದ ರಕ್ಷಣೆ ಅದು. ಅಲ್ಲೊಬ್ಬ ಬಾಣಂತಿಗೆ "ಯಾಕೆ?" ಎಂದು ಕೇಳಲು ಜಾಗವಿದ್ದಿದ್ದರೆ?

ಎರಡನೆಯ ಸಲ ಗುಂಪಿಗೆ ಹೋದಾಗ ಅಮ್ಮ ನನ್ನ ತೋಳು ಹಿಡಿದಳು. "ಇವರಿಗೆ ಹೇಳು. ನೀನು ಹುಟ್ಟಿದಾಗ ನಿಮ್ಮಜ್ಜಿ ಹಳದಿ ಹಾಲು ಹಿಂಡಿಸಿಬಿಟ್ರು. ಮೂರು ದಿನ ನಿನಗೆ ಬೆಲ್ಲದ ನೀರು ಹಾಕಿದೆ. ನೀನು ಅಳ್ತಿದ್ದೆ, ನನ್ನ ಎದೆ ಸೋರ್ತಿತ್ತು."

ಮೂವತ್ತೊಂದು ವರ್ಷದಲ್ಲಿ ಅವಳು ನನಗೆ ಇದನ್ನು ಹೇಳಿರಲಿಲ್ಲ. ಒಂದೊಂದೇ ಮಾತು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.