ಬಾಯಿ ಬಿಟ್ಟರೆ ಕೈ ನಿಲ್ಲುತ್ತದೆ

ನಮ್ಮ ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ್ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ತಾನೇ ಪದ ಕಟ್ಟುತ್ತಿದ್ದ, ಸರಸ್ವತಿಯನ್ನು ಹಾಡಿ ಹೊಗಳುತ್ತಿದ್ದ. ಈ ಬಾದಶಹನ ಬಗ್ಗೆ ಊರಿಗೆಲ್ಲ ಅಭಿಮಾನ. ನನಗೆ ಮಾತ್ರ ಇತ್ತೀಚೆಗೆ ಹೊಟ್ಟೆಕಿಚ್ಚು. ತಂಬೂರಿಗೆ ನಾಲ್ಕೇ ತಂತಿ. ಎಡಗೈಯಿಂದ ಏನನ್ನೂ ಒತ್ತಬೇಕಿಲ್ಲ. ಪದ ಶುರುವಾದಾಗ ಮೀಟಿದ್ದನ್ನೇ ಪದ ಮುಗಿಯುವವರೆಗೆ ಮೀಟುತ್ತ ಕೂತರಾಯಿತು, ಗಂಟಲು ಎಲ್ಲಿ ಬೇಕಾದರೂ ಅಡ್ಡಾಡಿ ಬರಬಹುದು. ನನ್ನ ಗಿಟಾರಿಗೆ ಆರು ತಂತಿ, ಸಾಲು ಸಾಲಿಗೂ ಬೆರಳು ಜಾಗ ಬದಲಿಸಬೇಕು. ಅದಕ್ಕೂ ಒಂದು ಹೆಸರಿದೆ, ಇಟ್ಟವಳು ನನ್ನ ಹೆಂಡತಿ: ‘ಆ ಕಟ್ಟಿಗಿ’.

ಕಲಿಸುವ ಮಾಸ್ತರ ನನ್ನ ಅರ್ಧ ವಯಸ್ಸಿನ ಹುಡುಗ. “ಜಿ, ಸಿ, ಡಿ, ಇ ಮೈನರ್, ಇಷ್ಟ ನಾಕು ಕಾರ್ಡ್ ಬಂದ್ರ ಎಷ್ಟೋ ಸಿನಿಮಾ ಹಾಡು ಬಂದಂಗ್ರಿ ಸರ್” ಅಂದಿದ್ದ. ಕಾರ್ಡ್ ಅಂದರೆ ಎಡಗೈ ಬೆರಳುಗಳಿಂದ ತಂತಿ ಒತ್ತಿ ಹಿಡಿದು ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಬೆರಳ ತುದಿ ಮೊದಲು ಉರಿದು, ಆಮೇಲೆ ಸಿಪ್ಪೆ ಸುಲಿದು, ಕೊನೆಗೆ ಗಟ್ಟಿಯಾಗಿ ಆ ನಾಲ್ಕೂ ಬಂದವು. ಎಫ್ ಕಾರ್ಡ್ ಇರುವ ಹಾಡುಗಳನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಒಂದೇ ತೋರುಬೆರಳಿನಲ್ಲಿ ಆರೂ ತಂತಿಯನ್ನು ಅಡ್ಡಕ್ಕೆ ಅದುಮಬೇಕಂತೆ; ಬ್ಯಾಂಕಿನಲ್ಲಿ ನೋಟು ಎಣಿಸುವ ಬೆರಳಿನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಕೈ ತಾನಾಗಿ ಚೆನ್ನಾಗಿಯೇ ಇತ್ತು. ಬಾಯಿಯೂ ಬಚ್ಚಲುಮನೆಯಲ್ಲಿ ಚೆನ್ನಾಗಿಯೇ ಇತ್ತು. ಇವೆರಡನ್ನೂ ಒಟ್ಟಿಗೆ ಕೂರಿಸಿದಾಗ ಹೊಲದ ಬದುವಿಗೆ ಜಗಳವಾಡಿದ ಅಣ್ಣತಮ್ಮಂದಿರಾದವು. ಬಾಯಿ ಒಂದು ಅಕ್ಷರ ನುಡಿದರೆ ಕೈ ಒಂದು ಪೆಟ್ಟು ಹಾಕುತ್ತದೆ. ಬಾಯಿ ಉಸಿರೆಳೆದುಕೊಳ್ಳಲು ನಿಂತರೆ ಕೈಯೂ ನಿಲ್ಲುತ್ತದೆ. ಎಡಗೈ ಕಡೆ ಲಕ್ಷ್ಯ ಕೊಟ್ಟೆನೋ, ಸಾಹಿತ್ಯ ಹೋಗಿ ಆ ಜಾಗದಲ್ಲಿ ಕಾರ್ಡಿನ ಹೆಸರೇ ಬಾಯಿಗೆ ಬರುತ್ತದೆ. ಪ್ರೇಮಗೀತೆಯ ನಡುವೆ, ನಲ್ಲೆಯ ಕಣ್ಣನ್ನು ವರ್ಣಿಸುವಲ್ಲಿ, ಗಟ್ಟಿಯಾಗಿ “ಸೀ...” ಎಂದು ಎಳೆದಿದ್ದೇನೆ. ಅಡುಗೆಮನೆಯಿಂದ “ಏನ್ ಹೊಲಸೈತ್ರಿ ಅಲ್ಲಿ?” ಎಂದು ಹೆಂಡತಿ ಕೇಳಿದಳು.

ಮಾಸ್ತರನಿಗೆ ಇದರ ಮೂಲ ಗೊತ್ತಿತ್ತು. ಬಲಗೈಯಿಂದ ತಂತಿ ಮೀಟಲು ನಾನು ಕಲಿತ ನಡೆ ಹೀಗಿದೆ: ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ನಾಲ್ಕು ಎಣಿಕೆಯ ಇದರಲ್ಲಿ ಮೂರನೆಯದಕ್ಕೆ ತಂತಿಗೆ ಪೆಟ್ಟೇ ಬೀಳುವುದಿಲ್ಲ. ಆದರೆ ಕೈ ಕೆಳಗಿಳಿಯಲೇಬೇಕು, ತಂತಿಯನ್ನು ಮುಟ್ಟದೆ ಗಾಳಿಯಲ್ಲಿ ಸುಮ್ಮನೆ ಹಾದುಹೋಗಬೇಕು. ಹಾಡಿನ ಮುಖ್ಯ ಪದ ಬಂದು ಬೀಳುವುದು ಸರಿಯಾಗಿ ಆ ಖಾಲಿ ಜಾಗಕ್ಕೇ! ಬಾಯಿ ಜೋರು ಮಾಡುವ ಹೊತ್ತಿನಲ್ಲಿ ಕೈ ಸುಮ್ಮನಿರಬೇಕು ಎನ್ನುವುದು ನಮ್ಮ ಕಡೆ ಜಗಳದಲ್ಲೂ ಯಾರಿಗೂ ಸಾಧ್ಯವಾಗಿಲ್ಲ, ನನಗೆ ಹೇಗಾದೀತು?

“ಕೈಗೆ ನಿಮ್ಮ ನೆನಪ ಆಗಬಾರದ್ರಿ ಸರ್. ತನ್ನಷ್ಟಕ್ಕ ತಾನ ನಡೀಬೇಕು” ಅಂದ.

ಇದನ್ನು ಕೇಳಿದಾಗ ಅವ್ವ ನೆನಪಾದಳು. ಬೀಸುಕಲ್ಲು ಅಟ್ಟ ಸೇರಿ ಎಷ್ಟೋ ಕಾಲವಾದರೂ ಬೀಸುವ ಪದಗಳು ಆಕೆಯ ಬಾಯಲ್ಲಿ ಉಳಿದಿವೆ. ರೊಟ್ಟಿ ಬಡಿಯುತ್ತ ಹಾಡುತ್ತಾಳೆ. ಎರಡೂ ಕೈ ಪಟಪಟ ಹೊಡೆಯುತ್ತಿರುತ್ತವೆ, ರೊಟ್ಟಿ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ಪದ ಬೇರೆಯದೇ ಲಯದಲ್ಲಿ ಹೋಗುತ್ತಿರುತ್ತದೆ. ನಡುವೆ ಹಾಲಿನವನ ಲೆಕ್ಕವನ್ನೂ ಮುಗಿಸುತ್ತಾಳೆ. ಸವದತ್ತಿ ಗುಡ್ಡದಲ್ಲಿ ಚೌಡಿಕೆ ಮೀಟುತ್ತ ಹಾಡುವವರನ್ನು, ಏಕತಾರಿ ಹಿಡಿದ ತತ್ವಪದದವರನ್ನು ಕಂಡು ಬೆರಗಾಗಿದ್ದ ನನಗೆ, ವಿದ್ಯೆ ಮನೆಯ ಒಲೆ ಮುಂದೇ ಇದೆ ಎಂದು ಹೊಳೆದಿರಲಿಲ್ಲ.

ಎದುರಿಗೆ ಮಣೆ ಹಾಕಿಕೊಂಡು ಕೂತೆ. “ಅವ್ವಾ, ಪದದ ಮೊದಲನೇ ಅಕ್ಷರಕ್ಕ ಯಾವ ಕೈ ಬೀಳ್ತೈತಿ? ಬಲಗೈಯೋ, ಎಡಗೈಯೋ?”

ಅವ್ವ ಒಂದು ಕ್ಷಣ ಯೋಚಿಸಿದಳು. ಕೈ ನೋಡಿಕೊಂಡಳು. ಮತ್ತೆ ಬಡಿಯಲು ಶುರುಮಾಡಿ, ಹಾಡಲು ಬಾಯಿ ತೆರೆದಳು. ಕೈ ನಿಂತಿತು. ಕೈ ನಡೆಸಿದಳು, ಪದ ನಿಂತಿತು. ಮೂರನೇ ಸಲಕ್ಕೆ ರೊಟ್ಟಿ ಅಂಚಿನಿಂದ ನಡುವಿನವರೆಗೆ ಸೀಳಿತು. ಐವತ್ತು ವರ್ಷದ ಮೇಲಿನ ಅನುಭವವನ್ನು ಹೀಗೆ ಒಂದೇ ಪ್ರಶ್ನೆಯಲ್ಲಿ ಕೆಡಿಸಿದ ಕೀರ್ತಿ ನನ್ನದು. “ಎದ್ದ ಹೋಗ ಇಲ್ಲಿಂದ, ಹುಚ್ಚ ಖೋಡಿ!” ಎಂದು ಹಿಟ್ಟಿನ ಕೈಯಲ್ಲೇ ಎಬ್ಬಿಸಿದಳು. ಅವತ್ತು ಊಟಕ್ಕೆ ಅನ್ನ-ಸಾರು.

ಮಾಸ್ತರ ಇನ್ನೊಂದು ದಾರಿ ಹೇಳಿದ. ಮೊದಲು ಕೈ ನಡೆಯುತ್ತಿರುವಾಗ ಮಾತಾಡುವುದನ್ನು ಕಲಿಯಬೇಕು. ಮಾತು ಸಲೀಸಾದ ಮೇಲೆ ಗುನುಗುವುದು, ಆಮೇಲೆ ಬರೀ ಸಾಲಿನ ಮೊದಲ ಪದ, ಆಮೇಲೆ ಪೂರ್ತಿ ಹಾಡು. ಮಾತಾಡಲು ಮನೆಯಲ್ಲಿ ಯಾರೂ ಸಿಗದಿದ್ದರೆ (ಸಿಗುವುದಿಲ್ಲ, ಗಿಟಾರ್ ಕಂಡರೆ ಎಲ್ಲರಿಗೂ ಕೆಲಸ ನೆನಪಾಗುತ್ತದೆ) ಪೇಪರ್ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಬೇಕು.

ಸುದ್ದಿ ಓದಿ ನೋಡಿದೆ. ರಾಜಕೀಯ ಓದುವಾಗ ಕೈ ಸಿಟ್ಟಿಗೇಳುತ್ತಿತ್ತು. ಸಂಪಾದಕೀಯದ ವಾಕ್ಯ ಮುಗಿಯುವಷ್ಟರಲ್ಲಿ ಎರಡು ಸಲ ಉಸಿರು ಕಟ್ಟುತ್ತಿತ್ತು. ಕೊನೆಗೆ ಕೈಹಿಡಿದದ್ದು ಒಳಪುಟದ ಪೇಟೆ ಧಾರಣಿ. ಏನು ಲಯ ಅದಕ್ಕೆ! ಬಿಳಿಜೋಳ, ತೊಗರಿ, ಕಡಲೆ, ಉಳ್ಳಾಗಡ್ಡಿ, ಗುಂಟೂರು ಮೆಣಸಿನಕಾಯಿ. ಸಾಲು ಚಿಕ್ಕದು, ಕೊನೆಗೊಂದು ಅಂಕಿ, ಅಂಕಿಯ ಮೇಲೆ ನಿಲುಗಡೆ. ಜೋಳಕ್ಕೆ ಜಿ, ತೊಗರಿಗೆ ಸಿ, ಒಣದ್ರಾಕ್ಷಿಗೆ ಡಿ ಹಿಡಿದು ಮತ್ತೆ ಜಿಗೆ ಮರಳಿದರೆ ಮನಸ್ಸಿಗೆ ತಂಪು. ಕೆಲವೇ ದಿನಗಳಲ್ಲಿ ಓದು ತಾನಾಗಿ ರಾಗವಾಯಿತು, ಕೈ ನನ್ನನ್ನು ಮರೆತು ನಡೆಯತೊಡಗಿತು.

ಪಕ್ಕದ ಮನೆಯ ಕಾಕಾಗೆ ದ್ರಾಕ್ಷಿ ತೋಟವಿದೆ. ಅದಕ್ಕೂ ಮೊದಲು ಅವರು ನನ್ನ ಬಗ್ಗೆ ಆಡಿದ್ದು ಒಂದೇ ಮಾತು: “ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳ ಸಲ ಕೇಳ್ತೈತಿ. ಈ ತಮ್ಮನ ಮನ್ಯಾಗ ಒಂದ ಸಾಲು ದಿನಾ ಎಪ್ಪತ್ತ ಸಲ ಕೇಳ್ತೈತಿ.” ಈಗ ಬೆಳಗಾದರೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದರು. “ಒಣದ್ರಾಕ್ಷಿ ಇನ್ನೊಮ್ಮೆ ಹಾಡ ತಮ್ಮಾ, ಟ್ರ್ಯಾಕ್ಟರ್ ಹೋತು, ಅಂಕಿ ಕೇಳಲಿಲ್ಲ.” ಸಂಗೀತಕ್ಕೆ ‘ಇನ್ನೊಮ್ಮೆ’ ಎಂಬ ಬೇಡಿಕೆ ನನಗೆ ಬಂದದ್ದು ಅದೇ ಮೊದಲು. ಕಾರಣ ಕೆದಕಲು ಹೋಗಲಿಲ್ಲ.

ಹಾಗಾಗಿ ಕಾಲೋನಿಯ ಗಣಪತಿ ಮಂಟಪದಲ್ಲಿ ಹುಡುಗರು ನನ್ನ ಹೆಸರು ಕೂಗಿದಾಗ ಧೈರ್ಯದಿಂದಲೇ ವೇದಿಕೆ ಹತ್ತಿದೆ. ಹಾಡಬೇಕೆಂದಿದ್ದದ್ದು ಆ ಪ್ರೇಮಗೀತೆ. ದನಿ ಎಟುಕಲೆಂದು ಮಾಸ್ತರ ಗಿಟಾರಿನ ಎರಡನೇ ಮನೆಗೆ ಕೇಪೋ (ಆರೂ ತಂತಿಯನ್ನು ಒಟ್ಟಿಗೆ ಅದುಮಿ ಹಿಡಿಯುವ ಕ್ಲಿಪ್ಪು) ಬಿಗಿದುಕೊಟ್ಟ. ಮೊದಲ ಸಾಲು ದಾಟಿತು. ಎರಡನೇ ಸಾಲು ಹಾಡುವಾಗ, ಎದುರಿಗೇ ಕೂತಿದ್ದ ಅವ್ವ ನನ್ನ ಬಲಗೈಯನ್ನು ದಿಟ್ಟಿಸಿ ನೋಡುತ್ತಿರುವುದು ಕಂಡಿತು, ಸೇಡು ತೀರಿಸಿಕೊಳ್ಳುವವಳ ಹಾಗೆ. ನಾನೂ ಕೈ ನೋಡಿಕೊಂಡೆ.

ನಲ್ಲೆ ಹೋದಳು, ಕಣ್ಣೂ ಹೋಯಿತು. ಆದರೆ ಕೈ ನಿಲ್ಲಲಿಲ್ಲ! ನಡೆಯುತ್ತಿದ್ದ ಕೈ ಮೇಲೆ ಏನಾದರೂ ಹಾಕಬೇಕಲ್ಲ, ಬಾಯಿಗೆ ಬಂದದ್ದು ಬಿಳಿಜೋಳ. ಹಿಂದೆಯೇ ತೊಗರಿ. ಹುಡುಗರು ಚಪ್ಪಾಳೆ ಹಾಕಿ ತಾಳ ಹಿಡಿದರು, ಕಡಲೆ, ಉಳ್ಳಾಗಡ್ಡಿ ದಾಟಿ ನಾನು ಕಣ್ಣು ಮುಚ್ಚಿ ಒಣದ್ರಾಕ್ಷಿಯನ್ನು ತಾರಕಕ್ಕೆ ಒಯ್ದೆ.

ಹಿಂದಿನ ಸಾಲಿನಿಂದ ಕಾಕಾ ಎದ್ದು ನಿಂತು ಕೂಗಿದರು: “ಏ ತಮ್ಮಾ, ಅದು ನಿನ್ನಿ ಧಾರಣಿ! ಇವತ್ತ ತಾಸಗಾಂವ ಪೇಟ್ಯಾಗ ಹತ್ತ ರೂಪಾಯಿ ಇಳದೈತಿ!”