ಸೆಪ್ಟೆಂಬರ್ ತಿಂಗಳ ಹಾಜರಿ

ಬಾಲಕಾರ್ಮಿಕ ಪದ್ಧತಿಯನ್ನು ತಗ್ಗಿಸಲು, ಹಳ್ಳಿಯ ಹೆಣ್ಣುಮಕ್ಕಳನ್ನು ಸಬಲರನ್ನಾಗಿಸಲು ಕೈಗೊಂಡ ಯಾವುದೇ ಕಾರ್ಯಕ್ರಮದ ವರದಿ ಕೈಗೆ ಬಂದರೂ ನಾನು ಮೊದಲು ನೋಡುವುದು ಎಣಿಕೆ ನಡೆದ ತಿಂಗಳನ್ನು. ಜೂನ್‌ನಲ್ಲಿ ದಾಖಲಾತಿ ಆಂದೋಲನ ಮಾಡಿ ಜುಲೈನಲ್ಲಿ ತಲೆ ಎಣಿಸಿದರೆ ಸೋತ ಕಾರ್ಯಕ್ರಮವೂ ಗೆದ್ದಂತೆ ಕಾಣುತ್ತದೆ.

ಉತ್ತರ ಕರ್ನಾಟಕದ ಹತ್ತಿ ಬೀಜೋತ್ಪಾದನೆಯನ್ನೇ ತೆಗೆದುಕೊಳ್ಳಿ. ಹೈಬ್ರಿಡ್ ಬೀಜಕ್ಕಾಗಿ, ಹೂವು ಅರಳುವ ಹಿಂದಿನ ಸಂಜೆ ಮೊಗ್ಗಿನ ದಳ, ಕೇಸರಗಳನ್ನು ಬಿಡಿಸಿ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಹೊಲದ ಒಂದೊಂದು ಹೂವಿಗೂ ಕೈಯಿಂದಲೇ, ಸೆಪ್ಟೆಂಬರ್ ಆಸುಪಾಸಿನಲ್ಲಿ ವಾರಗಟ್ಟಲೆ ಇದನ್ನು ಮಾಡಬೇಕು. ಈ ಕ್ರಾಸಿಂಗ್ ಕೆಲಸಕ್ಕೆ ಹುಡುಗಿಯರ ಬೆರಳೇ ನಾಜೂಕು ಎನ್ನುವವರಿದ್ದಾರೆ. ಕಡಿಮೆ ಕೂಲಿಗೆ ಎದುರಾಡದೆ ದುಡಿಯುತ್ತಾರೆ ಎಂಬುದನ್ನು ಮರೆಮಾಚುವ ಮಾತು ಅದು ಎಂದು ನನಗನಿಸುತ್ತದೆ. ಬೆಳಗಿನ ಪರಾಗದ ಹೊತ್ತೂ ಶಾಲೆಯ ಮೊದಲ ಗಂಟೆಯೂ ಒಂದಕ್ಕೊಂದು ಅಡ್ಡ ಬರುವುದರಿಂದ, ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು ಹುಡುಗಿ ಮಾತ್ರ ಹೊಲದಲ್ಲಿರುತ್ತಾಳೆ. ಸಂಜೆಯ ಕೆಲಸದ ಕತೆ ಬೇರೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತಾದರೂ, ಶಾಲೆಯ ಸಮಯದ ನಂತರ ಕುಟುಂಬದ ಅಪಾಯಕಾರಿಯಲ್ಲದ ಕೆಲಸಕ್ಕೆ ನೆರವಾಗಲು ಅವಕಾಶ ಬಿಟ್ಟಿತು. ಹೊಲ ಯಾರದೆಂದು ಸಂಜೆ ಆರು ಗಂಟೆಗೆ ಹೋಗಿ ಕೇಳುವವರು ಯಾರು?

ಇದಕ್ಕಿಂತ ದೊಡ್ಡ ತೊಡಕು ಎಣಿಕೆಯ ವ್ಯಾಖ್ಯೆಯಲ್ಲಿದೆ. ದೇಶದಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳ ಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು 1.26 ಕೋಟಿ ಇದ್ದದ್ದು 2011ರಲ್ಲಿ 1.01 ಕೋಟಿಗೆ ಇಳಿಯಿತು. ಆದರೆ ನೀರು ತರುವುದು, ರೊಟ್ಟಿ ಬಡಿಯುವುದು, ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುವುದು ಜನಗಣತಿಯ ಲೆಕ್ಕದಲ್ಲಿ ದುಡಿಮೆಯೇ ಅಲ್ಲ. ಹೊಲದಿಂದ ಬಿಡಿಸಿದ ಹುಡುಗಿ ಒಲೆಯ ಮುಂದೆ ಕುಳಿತರೂ ಅಂಕಿ ಇಳಿಯುತ್ತದೆ, ವರದಿ ಹಿಗ್ಗುತ್ತದೆ.

ಅಳೆಯುವುದು ಅಸಾಧ್ಯವೇನಲ್ಲ. ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ನೀಡುವ ಯೋಜನೆಯನ್ನು ಬಿಹಾರ 2006ರಲ್ಲಿ ಆರಂಭಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಪರೀಕ್ಷಿಸುವಾಗ ಬಿಹಾರದ ಹುಡುಗಿಯರನ್ನು ಅಲ್ಲಿನ ಹುಡುಗರೊಂದಿಗೂ ನೆರೆಯ ಜಾರ್ಖಂಡ್‌ನ ಮಕ್ಕಳೊಂದಿಗೂ ಹೋಲಿಸಿದರು. ವಯಸ್ಸಿಗೆ ತಕ್ಕ ಪ್ರೌಢಶಾಲಾ ದಾಖಲಾತಿ ಶೇ 32ರಷ್ಟು ಏರಿತ್ತು, ಅದೂ ಮುಖ್ಯವಾಗಿ ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರದ ಊರುಗಳಲ್ಲಿ. ಅಡ್ಡಿ ದೂರದ್ದಾಗಿದ್ದಲ್ಲಿ ಸೈಕಲ್ ಕೆಲಸ ಮಾಡಿತು ಎಂದು ಇದರಿಂದ ಹೇಳಬಹುದು. ನಮ್ಮಲ್ಲೂ 2006-07ರಿಂದ ಎಂಟನೇ ತರಗತಿಗೆ ಸೈಕಲ್ ಬಂದವು. ಆದರೆ ತಂಗಿಯನ್ನು ನೋಡಿಕೊಳ್ಳಬೇಕೆಂದು ಮನೆಯಲ್ಲಿ ಉಳಿದವಳಿಗೆ ಸೈಕಲ್‌ನಿಂದ ಏನಾಗಬೇಕು?

ಆದ್ದರಿಂದಲೇ ‘ಕೂಸಿನ ಮನೆ’ಯ ಬಗ್ಗೆ ನನಗೆ ಕುತೂಹಲ. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಇಂಥ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಇವುಗಳ ಮೌಲ್ಯಮಾಪನಕ್ಕೆ ಹೋಗುವವರು ಅಲ್ಲಿ ಮಲಗಿದ ಕೂಸುಗಳನ್ನಷ್ಟೇ ಎಣಿಸಿ ಹಿಂತಿರುಗಬಾರದು. ಅದೇ ಊರಿನ ಶಾಲೆಗೆ ಹೋಗಿ, ಆ ಕೂಸುಗಳ ಅಕ್ಕಂದಿರ ಸೆಪ್ಟೆಂಬರ್ ತಿಂಗಳ ಹಾಜರಿಯನ್ನೂ ತೆಗೆಸಿ ನೋಡಬೇಕು.