ಬಿಲಿಯರ್ಡ್ಸ್ ಕುಶನ್ ಕನ್ನಡಿ ಅಲ್ಲ

ಬಿಲಿಯರ್ಡ್ಸ್ ಚೆಂಡು ಮೇಜಿನ ಅಂಚಿನ ಕುಶನ್‌ಗೆ ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ವಾಪಸ್ ಬರುತ್ತದೆ, ಥೇಟ್ ಕನ್ನಡಿಗೆ ಬಿದ್ದ ಬೆಳಕಿನ ಹಾಗೆ ಅಂತ ಎಲ್ಲರೂ ಹಂಚಿಕೊಳ್ಳುತ್ತಿದ್ದಾರೆ. ಅಂದಾಜಿಗೆ ಓಕೆ, ನಿಯಮ ಅಂದರೆ ತಪ್ಪು.

ಕುಶನ್ ಅಂದರೆ ಬಟ್ಟೆ ಹೊದಿಸಿದ ರಬ್ಬರ್, ಅಷ್ಟೇ. ಚೆಂಡು ಬಡಿದಾಗ ಅದುಮಿಕೊಳ್ಳುತ್ತದೆ, ನುಂಗಿದ ವೇಗವನ್ನು ಪೂರ್ತಿ ವಾಪಸ್ ಕೊಡುವುದಿಲ್ಲ. ಪೂಲ್ (ಬಿಲಿಯರ್ಡ್ಸ್ ಬಗೆಯ ಆಟ) ಚೆಂಡಿನ ಅಗಲ ಸುಮಾರು 57 ಮಿಲಿಮೀಟರ್, ರಬ್ಬರಿನ ಮೂತಿ ಸುಮಾರು 36 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ಚೆಂಡಿನ ನಡುವಿಗಿಂತ ಮೇಲೆ. ಇಲ್ಲದಿದ್ದರೆ ಜೋರು ಹೊಡೆತಕ್ಕೆ ಚೆಂಡು ಎಗರಿಬಿಡುತ್ತಿತ್ತು!

ಆದರೆ ನಿಜವಾದ ಆಟ ಇರುವುದು ತಿರುಗುವಿಕೆಯಲ್ಲಿ. ಮೆಲ್ಲಗೆ ಉರುಳುತ್ತಾ ಓರೆಯಾಗಿ ಬಂದ ಚೆಂಡು ಬಡಿದ ಮೇಲೂ ಮೊದಲಿನ ದಿಕ್ಕಿಗೇ ಉರುಳಲು ನೋಡುತ್ತದೆ, ಅದಕ್ಕೇ ದಾರಿ ಸ್ವಲ್ಪ ಬಾಗಿ ಕುಶನ್ ಕಡೆಗೆ ವಾಲುತ್ತದೆ. ಅದೇ ಜಾಗದಿಂದ ಜೋರಾಗಿ ಹೊಡೆಯಿರಿ, ಉರುಳುವ ಮೊದಲೇ ಜಾರುತ್ತಾ ಹೋಗಿ ಬಡಿಯುತ್ತದೆ, ಆಗ ಜಾಸ್ತಿ ನೆಟ್ಟಗೆ ವಾಪಸ್ ಬರುತ್ತದೆ. ಪಕ್ಕದ ಸ್ಪಿನ್ ಕೊಟ್ಟರಂತೂ ಕೋನದ ಲೆಕ್ಕ ಪೂರ್ತಿ ಬದಲು. ಚೆಂಡಿನ ತಿರುಗುವಿಕೆಯ ಈ ಗಣಿತವನ್ನು ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲೇ ಬರೆದಿದ್ದ. ಹೌದು, ಗಾಳಿ ಸುಳಿಯುವ ವಿಚಾರದಲ್ಲಿ ಹೆಸರು ಕೇಳಿದ್ದೀರಲ್ವಾ, ಅದೇ ಕೊರಿಯೊಲಿಸ್.